ಸಸಿಯ ಬೆಲೆ ವಾಪಸ್ಸಂತೆ, ಹೋದ ವರ್ಷಗಳು ಯಾರ ಖಾತೆಗೆ?



ಜಾತ್ರೆಯಲ್ಲಿ ಒಂದು ಜೊತೆ ಎತ್ತು ಕೊಳ್ಳುವಾಗ ನಾವು ಏನೇನು ನೋಡುತ್ತೇವೆ? ಬಾಯಿ ತೆಗೆಸಿ ಹಲ್ಲು ಎಣಿಸುತ್ತೇವೆ. ಸುಳಿ ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸುತ್ತೇವೆ. ಅದಾದ ಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತೇವೆ. ಎತ್ತು ದುಡಿಯುವುದು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ. ಆದರೆ ಮೂವತ್ತು ವರ್ಷ ನಮ್ಮ ಹೊಲದಲ್ಲಿ ನಿಲ್ಲಬೇಕಾದ ಹಣ್ಣಿನ ಮರವನ್ನು ಮಾತ್ರ ಫೋಟೋ ನೋಡಿ ಕೊಳ್ಳುತ್ತೇವೆ. ಕೆರೆಯಲ್ಲಿ ಮುಳುಗಿರುವ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡಿದ ಹಾಗೆ.

ಈ ಮಾತು ಈಗ ಯಾಕೆ ಬಂತು ಅಂದರೆ, ಸೇಬಿನ ಸಸಿ ನಮ್ಮ ಹಳ್ಳಿಗಳಿಗೂ ಪಾರ್ಸಲ್ ಆಗಿ ಬರುತ್ತಿದೆ. ಮೊಬೈಲಿನಲ್ಲಿ ಒಂದು ವೀಡಿಯೊ, ಕೆಂಪಗೆ ತೂಗುವ ಹಣ್ಣು, ಕೆಳಗೊಂದು ನಂಬರು. ಮುಂಗಡ ಕಳಿಸಿದರೆ ಕೊರಿಯರಿನಲ್ಲಿ ಗಿಡ ಮನೆಗೆ ಬರುತ್ತದೆ. ಹಿತ್ತಲಲ್ಲಿ ಎರಡು ಗಿಡ ಹಾಕಿ ಮಕ್ಕಳಿಗೆ ತೋರಿಸುವವರ ಬಗ್ಗೆ ನನ್ನ ತಕರಾರಿಲ್ಲ. ಪಹಣಿ ಅಡವಿಟ್ಟು ಎಕರೆಗಟ್ಟಲೆ ಹಾಕಲು ಹೊರಟವರ ಬಗ್ಗೆ ನನಗೆ ಚಿಂತೆ. ಅಂಥವರು ಮೊದಲು ಒಂದು ಕೆಲಸ ಮಾಡಬೇಕು. ಸೇಬನ್ನೇ ನಂಬಿ ಬದುಕುವ ಹಿಮಾಚಲ, ಕಾಶ್ಮೀರದ ರೈತರು ಸಸಿ ಕೊಳ್ಳುವ ವಿಷಯದಲ್ಲಿ ಏನು ಕಲಿತಿದ್ದಾರೆ ಎಂದು ನೋಡಬೇಕು. ಸೇಬು ಹಾಕದೇ ಇರುವವರಿಗೂ ಈ ಪಾಠ ಬೇಕು. ದಾಳಿಂಬೆ, ಮಾವು, ಅಡಿಕೆ, ಡ್ರ್ಯಾಗನ್ ಹಣ್ಣು ಎಲ್ಲಕ್ಕೂ ಲೆಕ್ಕ ಒಂದೇ.

ಅಮೆರಿಕದ ನರ್ಸರಿಯಿಂದ ಕೋಟಗಢಕ್ಕೆ

ಹಿಮಾಚಲದ ಸೇಬಿನ ಚರಿತ್ರೆಯೇ ದೂರದ ನರ್ಸರಿಯಿಂದ ಸಸಿ ತರಿಸಿದ ಚರಿತ್ರೆ. ಅದಕ್ಕೆ ಮೊದಲೂ ಕುಲು ಕಣಿವೆಯಲ್ಲಿ ಇಂಗ್ಲಿಷರು ಸೇಬು ಬೆಳೆಸಿದ್ದರು. 1870ರ ಸುಮಾರಿಗೆ ಕ್ಯಾಪ್ಟನ್ ಲೀ ಎಂಬಾತ ಬಂದ್ರೋಲಿನಲ್ಲಿ ತೋಟ ಹಾಕಿದ್ದ. ಅವು ಹುಳಿ ಮಿಶ್ರಿತ ಇಂಗ್ಲಿಷ್ ತಳಿಗಳು, ನಮ್ಮ ಜನರ ನಾಲಿಗೆಗೆ ಅಷ್ಟಾಗಿ ಹಿಡಿಸಲಿಲ್ಲ.

ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದರು. ಶಿಮ್ಲಾದ ಮೇಲಿನ ಕೋಟಗಢದಲ್ಲಿ ನೆಲೆ ನಿಂತರು. ಅಲ್ಲಿನ ಹುಡುಗಿಯನ್ನು ಮದುವೆಯಾದರು, ಬೆಟ್ಟದ ಜನರ ಮೇಲಿದ್ದ ಬಿಟ್ಟಿ ಚಾಕರಿಯ ವಿರುದ್ಧ ಹೋರಾಡಿದರು, ಅಸಹಕಾರ ಚಳವಳಿಯಲ್ಲಿ ಜೈಲಿಗೂ ಹೋದರು. 1932ರಲ್ಲಿ ಹಿಂದೂ ಧರ್ಮ ಸೇರಿ ಸತ್ಯಾನಂದರಾದರು. ಇವರು 1916ರಲ್ಲಿ ಮಿಸೌರಿ ರಾಜ್ಯದ ಲೂಯಿಸಿಯಾನಾ ಎಂಬ ಊರಿನ ಸ್ಟಾರ್ಕ್ ಸಹೋದರರ ನರ್ಸರಿಯಿಂದ ರೆಡ್ ಡೆಲಿಷಿಯಸ್ ಸೇಬಿನ ಸಸಿಗಳನ್ನು ತಂದು ನೆಟ್ಟರು. ಹಿಮಾಚಲದ ಸೇಬಿನ ಬದುಕು ಬೆಳೆದದ್ದು ಆ ಕೆಲವೇ ಸಸಿಗಳಿಂದ.

ಆ ತಳಿಯ ಹಿಂದೆಯೂ ಒಂದು ಕಥೆ ಇದೆ. ಅಯೋವಾ ರಾಜ್ಯದ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ತಾನೇ ತಾನಾಗಿ ಹುಟ್ಟಿದ ಗಿಡ ಅದು. ಆತ 1893ರಲ್ಲಿ ಸ್ಟಾರ್ಕ್ ನರ್ಸರಿಯ ಹಣ್ಣಿನ ಸ್ಪರ್ಧೆಗೆ ನಾಲ್ಕು ಹಣ್ಣು ಕಳಿಸಿದನಂತೆ. ಹಣ್ಣು ಗೆದ್ದಿತು, ಕಳಿಸಿದವನ ಹೆಸರು ವಿಳಾಸದ ಚೀಟಿ ಮಾತ್ರ ಕಳೆದುಹೋಯಿತು. ಮುಂದಿನ ವರ್ಷ ಅವನೇ ಮತ್ತೆ ಹಣ್ಣು ಕಳಿಸುವವರೆಗೂ ನರ್ಸರಿಯವರು ಕಾದರಂತೆ. ಇನ್ನೊಂದು ತಳಿ, ಗೋಲ್ಡನ್ ಡೆಲಿಷಿಯಸ್. ಅದರ ಮೂಲ ಮರಕ್ಕೆ ಅದೇ ನರ್ಸರಿ 1914ರಲ್ಲಿ 5,000 ಡಾಲರ್ ಕೊಟ್ಟು, ಯಾರೂ ಕಡ್ಡಿ ಕದಿಯದಂತೆ ಸುತ್ತ ಪಂಜರ ಕಟ್ಟಿಸಿತು. ತಳಿಯ ಹೆಸರಿಗೆ ಎಷ್ಟು ಬೆಲೆ ಇದೆ ಎಂದು ವ್ಯಾಪಾರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಕೊಳ್ಳುವ ನಮಗೆ ಅದು ಇನ್ನೂ ಗೊತ್ತಾಗಿಲ್ಲ.

ಸ್ಟೋಕ್ಸರ ಪಾರ್ಸಲ್ ಯಾಕೆ ಗೆದ್ದಿತು? ಮೂರು ಕಾರಣ. ಕೋಟಗಢದ ಚಳಿ ಆ ಗಿಡ ಬೇಡುವ ಚಳಿಯೇ ಆಗಿತ್ತು. ಕಳಿಸಿದ ನರ್ಸರಿ ತನ್ನ ತಾಯಿಮರ ಯಾವುದೆಂದು ಬಲ್ಲದ್ದಾಗಿತ್ತು. ಮೂರನೆಯದೇ ದೊಡ್ಡದು. ಸ್ಟೋಕ್ಸರು ತಮ್ಮ ಹೊಲದಲ್ಲಿ ಮೊದಲು ನೆಟ್ಟು, ಮರ ಬೆಳೆದ ಮೇಲೆ ಅಕ್ಕಪಕ್ಕದ ರೈತರಿಗೆ ಗಿಡ ಹಂಚಿದರು. ಅಲ್ಲಿನ ರೈತ ಮರ ಕಂಡು, ಹಣ್ಣು ತಿಂದು, ಆಮೇಲೆ ಗಿಡ ಹಾಕಿದ.

ಚಳಿ ತಡೆಯುವುದು ಬೇರೆ, ಚಳಿ ಬೇಡುವುದು ಬೇರೆ

ಜಾಹೀರಾತಿನಲ್ಲಿ ‘ಚಳಿ ಪ್ರದೇಶದ ಸೇಬು’ ಅಂತ ಒಂದೇ ಮಾತು ಬರೆಯುತ್ತಾರೆ. ಅದರಲ್ಲಿ ಎರಡು ವಿಷಯ ಬೆರೆತಿವೆ.

ಒಂದು, ಗಿಡ ಎಷ್ಟು ಚಳಿಯನ್ನು ತಾಳುತ್ತದೆ ಎಂಬುದು. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಪೀಟರ್ ಗಿಡಿಯನ್ ಎಂಬ ರೈತ 1850ರ ದಶಕದಿಂದ ಸೇಬು ಹಾಕುತ್ತಲೇ ಹೋದ. ವರ್ಷ ವರ್ಷವೂ ಚಳಿಗಾಲ ಕೊಂದು ಹಾಕಿತು. ಕೊನೆಗೆ ಉಳಿದಿದ್ದ ಎಂಟು ಡಾಲರನ್ನೂ ಬೀಜ, ಕಡ್ಡಿಗೆಂದು ದೂರದ ಮೇಯ್ನ್ ರಾಜ್ಯಕ್ಕೆ ಕಳಿಸಿದ ಎಂದು ಅಲ್ಲಿಯ ಜನ ಈಗಲೂ ಹೇಳುತ್ತಾರೆ. ಆ ಪ್ರಯತ್ನದಿಂದ 1868ರಲ್ಲಿ ಬಂದ ತಳಿಗೆ ಹೆಂಡತಿಯ ಹೆಸರನ್ನೇ ಇಟ್ಟ, ‘ವೆಲ್ದಿ’ ಅಂತ. ಅಲ್ಲಿಯ ಉತ್ತರ ಭಾಗದಲ್ಲಿ ಚಳಿಗಾಲ ಸೊನ್ನೆಗಿಂತ 35–40 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುತ್ತದೆ. ಅಂಥ ಕಡೆ ನರ್ಸರಿ ಆರಿಸುವವನ ಮೊದಲ ಪ್ರಶ್ನೆ: ‘ನಿನ್ನ ಗಿಡ ನಮ್ಮೂರಿನ ಚಳಿಯಲ್ಲಿ ಬೆಳೆದದ್ದೋ, ಬೆಚ್ಚನೆಯ ರಾಜ್ಯದಲ್ಲಿ ಬೆಳೆಸಿ ಕಳಿಸಿದ್ದೋ?’

ಎರಡನೆಯದು, ಗಿಡ ಎಷ್ಟು ಚಳಿಯನ್ನು ಬೇಡುತ್ತದೆ ಎಂಬುದು. ಸೇಬು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ತಣ್ಣನೆಯ ಗಂಟೆಗಳು ಸಾಕಷ್ಟು ಸೇರಿದರೆ ಮಾತ್ರ ವಸಂತದಲ್ಲಿ ಕಣ್ಣು ಸರಿಯಾಗಿ ಒಡೆದು ಹೂವಾಗುತ್ತದೆ. ಡೆಲಿಷಿಯಸ್ ಜಾತಿಗೆ ಇಂಥ ಗಂಟೆ ಸಾವಿರಕ್ಕೂ ಮೇಲೆ ಬೇಕು. ಚಳಿ ಸಾಲದಿದ್ದರೆ ಗಿಡ ಸಾಯುವುದಿಲ್ಲ. ಬದುಕಿರುತ್ತದೆ, ಅಲ್ಲಲ್ಲಿ ಎಲೆ ಬಿಡುತ್ತದೆ, ಹೂವು ಮಾತ್ರ ಬಾರದು, ಬಂದರೂ ನಿಲ್ಲದು. ಸತ್ತ ಗಿಡಕ್ಕೆ ರೈತ ಒಂದು ದಿನ ಅಳುತ್ತಾನೆ. ಬದುಕಿಯೂ ಫಲ ಕೊಡದ ಗಿಡಕ್ಕೆ ನೀರು ಗೊಬ್ಬರ ಹಾಕುತ್ತಲೇ ನಾಲ್ಕಾರು ವರ್ಷ ಬಡ್ಡಿ ಕಟ್ಟುತ್ತಾನೆ.

ಹಿಮಾಚಲದಲ್ಲೇ ಈ ಸಂಕಟ ಶುರುವಾಗಿದೆ. ಚಳಿಗಾಲ ಬಿಸಿಯಾಗುತ್ತಾ ಹಿಮ ಕಡಿಮೆಯಾಗಿ, ಕುಲು ಕಣಿವೆಯ ತಗ್ಗಿನ ತೋಟಗಳಲ್ಲಿ ಸೇಬು ಕೈಬಿಟ್ಟು ದಾಳಿಂಬೆ, ತರಕಾರಿ ಹಾಕಿದ್ದಾರೆ. ಸೇಬು ಮೇಲೆ ಮೇಲೆ ಹತ್ತಿ ಕಿನ್ನೌರ್, ಲಾಹೌಲ್-ಸ್ಪಿತಿ ಸೇರಿದೆ. ಹೀಗಿರುವಾಗ ನಮ್ಮ ಬಯಲುಸೀಮೆಯಲ್ಲಿ, ರಾತ್ರಿ 7 ಡಿಗ್ರಿಗೆ ಇಳಿಯುವುದೇ ಅಪರೂಪವಾದ ಕಡೆ, ಸಾವಿರ ಗಂಟೆ ಚಳಿಯನ್ನು ಯಾವ ಅಂಗಡಿಯಿಂದ ತರುತ್ತೀರಿ?

ಕಡಿಮೆ ಚಳಿಯ ತಳಿಗಳಿವೆ, ಸುಳ್ಳಲ್ಲ. ಇಸ್ರೇಲಿನ ‘ಅನ್ನಾ’, ಬಹಾಮಾ ದ್ವೀಪದ ‘ಡಾರ್ಸೆಟ್ ಗೋಲ್ಡನ್’. ನಮ್ಮ ದೇಶದ್ದೇ ‘ಎಚ್.ಆರ್.ಎಂ.ಎನ್.-99’ ಇದೆ. ಹಿಮಾಚಲದ ಬಿಲಾಸಪುರ ಜಿಲ್ಲೆಯ ತಗ್ಗು ಪ್ರದೇಶದ ಪನಿಯಾಲಾ ಗ್ರಾಮದ ಹರಿಮನ್ ಶರ್ಮಾ ಎಂಬ ರೈತರು ಬೆಳೆಸಿದ್ದು. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಒಬ್ಬ ರೈತನ ಬುದ್ಧಿಗೆ ಸಂದ ಗೌರವ, ನಮಗೆಲ್ಲ ಹೆಮ್ಮೆ. ಆದರೆ ಅವರ ತೋಟದ ಗಿಡ ಒಳ್ಳೆಯದು ಎಂದ ಮಾತ್ರಕ್ಕೆ, ಆ ಹೆಸರಿನ ಚೀಟಿ ಕಟ್ಟಿದ ಪ್ರತಿಯೊಂದು ಪಾರ್ಸಲ್ಲೂ ಆ ತಾಯಿಮರದ ಮಗುವೇ ಎಂದು ಅರ್ಥವಲ್ಲ. ಹೆಸರು ಪ್ರಸಿದ್ಧವಾದಷ್ಟೂ ಆ ಹೆಸರು ಹೇಳಿ ಮಾರುವವರು ಹೆಚ್ಚುತ್ತಾರೆ. ಇದು ಸಂತೆಯ ನಿಯಮ.

ಗಿಡದ ಕೆಳಗಿನ ಅರ್ಧ

ಕಸಿ ಗಿಡ ಎಂದರೆ ಎರಡು ಗಿಡ. ಮೇಲಿನದು ಹಣ್ಣು ಕೊಡುವ ತಳಿ, ಕೆಳಗಿನದು ಬೇರು ಕೊಡುವ ಸಸಿ. ಫೋಟೋದಲ್ಲಿ ಕಾಣುವುದು ಮೇಲಿನದು ಮಾತ್ರ. ಮರ ಎಷ್ಟು ಎತ್ತರ ಬೆಳೆಯುತ್ತದೆ, ಎಷ್ಟನೇ ವರ್ಷಕ್ಕೆ ಫಲ ಬರುತ್ತದೆ, ಬರ ತಡೆಯುತ್ತದೆಯೇ, ನೀರು ನಿಂತರೆ ಕೊಳೆಯುತ್ತದೆಯೇ, ಇದರಲ್ಲಿ ಮುಕ್ಕಾಲು ಪಾಲು ತೀರ್ಮಾನವಾಗುವುದು ಬೇರುಸಸಿಯಲ್ಲಿ.

ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ ‘ಎಂ-9’ ಎಂಬ ಬೇರುಸಸಿಯ ಮೇಲೆ ಕಸಿ ಮಾಡಿದ ಮರ ಕುಳ್ಳಗಿರುತ್ತದೆ, ಎರಡು ಮೂರು ವರ್ಷಕ್ಕೇ ಹಣ್ಣು ಬಿಡುತ್ತದೆ. ಆದರೆ ಅದರ ಬೇರು ಮೇಲುಮೇಲೆ, ಮುರಿಯುವ ಗುಣದ್ದು. ಬಾಳಿಕೆಯುದ್ದಕ್ಕೂ ಊರುಗೋಲು ಬೇಕು, ತಂತಿ ಬೇಕು, ಹನಿ ನೀರಾವರಿ ಬೇಕು. ‘ಎಂ.ಎಂ.-111’ ಬರ ತಡೆಯುತ್ತದೆ, ಫಲಕ್ಕೆ ಹೆಚ್ಚು ದಿನ ಕಾಯಬೇಕು. ‘ಎಂ.ಎಂ.-106’ ಮಧ್ಯಮದ್ದು, ನೀರು ನಿಲ್ಲುವ ಜಾಗದಲ್ಲಿ ಬುಡ ಕೊಳೆ ರೋಗಕ್ಕೆ ಬಲಿ. ಬೀಜದಿಂದ ಬಂದ ಬೇರುಸಸಿಯಾದರೆ ಮರ ದೊಡ್ಡದು, ಗಟ್ಟಿ, ಆದರೆ ಪೂರ್ತಿ ಫಸಲಿಗೆ ಏಳೆಂಟು ವರ್ಷ.

ಹಿಮಾಚಲ, ಕಾಶ್ಮೀರಗಳಲ್ಲಿ ಈಗ ಒತ್ತೊತ್ತಾಗಿ ನೆಡುವ ಪದ್ಧತಿ ಬಂದಿದೆ. ಹಿಮಾಚಲದಲ್ಲಿ 2016ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ 1,134 ಕೋಟಿ ರೂಪಾಯಿಯ ತೋಟಗಾರಿಕೆ ಯೋಜನೆಯೇ ಶುರುವಾಯಿತು, ಹೊರದೇಶದ ಗಿಡ ತರಿಸಿದರು. ಒತ್ತಾಗಿ ನೆಟ್ಟರೆ ಎಕರೆಗೆ ಸಾವಿರ ಗಿಡದವರೆಗೆ ಹೋಗುತ್ತದೆ. ಸಸಿಗೇ ಲಕ್ಷಗಟ್ಟಲೆ, ಮೇಲೆ ಕಂಬ, ತಂತಿ, ಪೈಪು. ಇದು ಬೇಗ ಫಲ ಕೊಡುವ ಪದ್ಧತಿ ನಿಜ, ಬೇಗ ಸಾಲಕ್ಕೆ ನೂಕುವ ಪದ್ಧತಿಯೂ ಹೌದು. ಬೇರುಸಸಿಯ ಹೆಸರನ್ನೇ ಬರೆಯದ ನರ್ಸರಿಯಿಂದ ಗಿಡ ತರಿಸುವುದೆಂದರೆ ಹೆಣ್ಣಿನ ಮನೆ ನೋಡದೆ ಲಗ್ನಪತ್ರಿಕೆ ಬರೆಸಿದ ಹಾಗೆ.

ಇನ್ನೊಂದು ಮಾತು. ಸೇಬಿನ ಹೂವು ತನ್ನದೇ ತಳಿಯ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಅದೇ ಹೊತ್ತಿಗೆ ಹೂಬಿಡುವ ಬೇರೆ ತಳಿಯ ಗಿಡ ನಡುನಡುವೆ ಇರಬೇಕು. ಇದನ್ನು ತಾನಾಗಿಯೇ ಹೇಳುವ ನರ್ಸರಿಯವನು ವ್ಯವಹಾರಸ್ಥ. ಒಂದೇ ಹೆಸರಿನ 200 ಗಿಡ ಕೇಳಿದ ತಕ್ಷಣ ಮರುಮಾತಿಲ್ಲದೆ ಕಟ್ಟಿ ಕಳಿಸುವವನು ಬರೀ ವ್ಯಾಪಾರಿ.

ಪಾರ್ಸಲಿನಲ್ಲಿ ಕೂತು ಬರುವವರು

ಸಸಿಯ ಜೊತೆ ರೋಗ, ಕೀಟವೂ ಪ್ರಯಾಣ ಮಾಡುತ್ತವೆ. ಸ್ಯಾನ್ ಹೋಸೆ ಎಂಬ ಶಲ್ಕಕೀಟ ಕ್ಯಾಲಿಫೋರ್ನಿಯಾದಿಂದ ನ್ಯೂಜೆರ್ಸಿಯ ನರ್ಸರಿಗಳಿಗೆ ಬಂದು, ಅಲ್ಲಿಂದ ಸಸಿಗಳ ಮೇಲೆ ಕೂತು ಪೂರ್ವದ ರಾಜ್ಯಗಳಿಗೆಲ್ಲ ಹರಡಿದ್ದು 1893ರಲ್ಲಿ ಗೊತ್ತಾಯಿತು. ಅದಾದ ಮೇಲೆ ಅಲ್ಲಿಯ ರಾಜ್ಯಗಳು ನರ್ಸರಿ ತಪಾಸಣೆಯ ಕಾನೂನು ತಂದವು, 1912ರಲ್ಲಿ ದೇಶಕ್ಕೇ ಸಸ್ಯ ದಿಗ್ಬಂಧನ ಕಾನೂನು ಬಂತು. ಅದೇ ಕೀಟ ಈಗ ಕಾಶ್ಮೀರ, ಹಿಮಾಚಲದ ತೋಟಗಳಲ್ಲೂ ಇದೆ.

ಕಣ್ಣಿಗೆ ಕಾಣುವ ಕೀಟಕ್ಕೆ ಔಷಧಿ ಇದೆ. ಕಾಣದ ನಂಜುರೋಗಕ್ಕೆ ಇಲ್ಲ. ಸೇಬಿನ ಮೊಸಾಯಿಕ್‌ನಂಥ ನಂಜುಗಳು ಕಸಿಕಡ್ಡಿಯ ಮೂಲಕವೇ ಗಿಡದಿಂದ ಗಿಡಕ್ಕೆ ಹೋಗುತ್ತವೆ. ತಾಯಿಮರಕ್ಕೆ ನಂಜಿದ್ದರೆ ಅದರ ಸಾವಿರ ಮಕ್ಕಳಿಗೂ ನಂಜು. ಹೊಲದಲ್ಲಿ ಅದನ್ನು ವಾಸಿ ಮಾಡುವ ಮದ್ದಿಲ್ಲ. ಆದ್ದರಿಂದಲೇ ಹೊರದೇಶದಿಂದ ಗಿಡ ತರಲು 2003ರ ಸಸ್ಯ ದಿಗ್ಬಂಧನ ಆದೇಶದ ಪ್ರಕಾರ ಪರವಾನಗಿ, ಆರೋಗ್ಯ ಪತ್ರ, ಬಂದ ಮೇಲೆ ಪ್ರತ್ಯೇಕ ಜಾಗದಲ್ಲಿ ಬೆಳೆಸಿ ನೋಡುವ ಕ್ರಮ ಎಲ್ಲವೂ ಇವೆ. ‘ಇಟಲಿಯಿಂದ ನೇರವಾಗಿ ತರಿಸಿದ ಗಿಡ’ ಎಂದು ಯಾರಾದರೂ ಹೇಳಿದರೆ ಆ ಕಾಗದಗಳ ನಕಲು ತೋರಿಸಲು ಹೇಳಿ. ತೋರಿಸದಿದ್ದರೆ ಫೋನ್ ಇಟ್ಟುಬಿಡಿ.

ಗ್ಯಾರಂಟಿಯ ಗುಟ್ಟು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ನರ್ಸರಿಗಳೆಲ್ಲ ‘ಹೇಳಿದ ತಳಿಯೇ ಕೊಡುತ್ತೇವೆ’ ಎಂದು ಬರೆದುಕೊಡುತ್ತವೆ. ಅಮೆರಿಕದ ಕ್ಯಾಟಲಾಗುಗಳಲ್ಲಿ ಈ ವಾಕ್ಯ ಬಹಳ ಹಳೆಯದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ವಾಕ್ಯ ಇರುತ್ತದೆ: ತಳಿ ತಪ್ಪಿದ್ದರೆ ಗಿಡ ಬದಲಿಸಿ ಕೊಡುತ್ತೇವೆ, ಇಲ್ಲವೇ ಗಿಡದ ಬೆಲೆ ವಾಪಸ್ಸು, ಅದಕ್ಕಿಂತ ಹೆಚ್ಚಿನ ಹೊಣೆ ನಮ್ಮದಲ್ಲ. ನಮ್ಮ ಕಡೆಯವರು ಈ ಎರಡನೇ ವಾಕ್ಯವನ್ನು ಚೆನ್ನಾಗಿ ಕಲಿತಿದ್ದಾರೆ. ಮೊದಲನೆಯದನ್ನು ಬಿಲ್ಲಿನಲ್ಲಿ ಬರೆಯಲು ಮಾತ್ರ ಕೈ ಬರುವುದಿಲ್ಲ.

ಲೆಕ್ಕ ಹಾಕೋಣ ಬನ್ನಿ. ಒಂದು ಎಕರೆಗೆ 200 ಗಿಡ, ಒಂದಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಸಸಿಗೆ 60,000 ರೂಪಾಯಿ. ಗುಂಡಿ, ಗೊಬ್ಬರ, ಬೇಲಿ, ಪೈಪು, ಕೂಲಿ ಸೇರಿ ಒಟ್ಟು ಎರಡು ಲಕ್ಷ ಸಾಲ. ನೂರಕ್ಕೆ ವರ್ಷಕ್ಕೆ 12ರಂತೆ ಬರೀ ಸರಳ ಬಡ್ಡಿ ಹಿಡಿದರೂ ವರ್ಷಕ್ಕೆ 24,000, ನಾಲ್ಕು ವರ್ಷಕ್ಕೆ 96,000. ಆ ಎಕರೆಯಲ್ಲಿ ರಾಗಿಯೋ ಜೋಳವೋ ಬೆಳೆದು ವರ್ಷಕ್ಕೆ 20,000 ಉಳಿಸುತ್ತಿದ್ದಿರಿ ಎಂದರೆ ನಾಲ್ಕು ವರ್ಷಕ್ಕೆ ಹೋದದ್ದು 80,000. ಎಲ್ಲ ಸೇರಿ 3,76,000 ರೂಪಾಯಿ. ನಾಲ್ಕನೇ ವರ್ಷ ಹೂವು ಬಂದಾಗ ತಳಿ ಬೇರೆ ಎಂದು ಗೊತ್ತಾಯಿತು. ಮಹಾರಾಯ ನರ್ಸರಿಯವನು ಒಪ್ಪಿಕೊಂಡು ಕೊಡುವುದು ಎಷ್ಟು? 60,000. ರೂಪಾಯಿಗೆ 16 ಪೈಸೆ. ಬ್ಯಾಂಕು ಕೊಡದೆ ಕೈಸಾಲಕ್ಕೆ ಹೋದವನ ಪಾಡು ಕೇಳಲೇಬೇಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಆ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿಯೇ 2,88,000.

ಹೀಗಾಗಿ ‘ಸಸಿಗೆ 50 ರೂಪಾಯಿ ಕಡಿಮೆ’ ಎಂದು ನರ್ಸರಿ ಆರಿಸುವುದು ದಡ್ಡತನ. 200 ಗಿಡಕ್ಕೆ ಉಳಿಯುವುದು 10,000, ಒಡ್ಡಿದ್ದು ಮೂರು ಮುಕ್ಕಾಲು ಲಕ್ಷ.

ನರ್ಸರಿಯವರದ್ದೂ ಒಂದು ವಾದ ಇದೆ. ‘ನಾವು ಗಿಡ ಕೊಡ್ತೀವಿ ಸ್ವಾಮಿ, ನೀರು ಹಾಕದೆ ರೈತ ಸಾಯಿಸಿದರೆ ನಾವೇನು ಮಾಡೋಣ?’ ಈ ಮಾತಿನಲ್ಲಿ ಅರ್ಧ ನ್ಯಾಯವಿದೆ, ಒಪ್ಪುತ್ತೇನೆ. ನೆಟ್ಟ ಗಿಡ ಒಣಗಿದ್ದಕ್ಕೆ ಮಳೆ, ಆಳು, ಮಣ್ಣು, ಗೆದ್ದಲು, ನೂರು ಕಾರಣ ಇರಬಹುದು. ಅದನ್ನು ಇಬ್ಬರೂ ಹಂಚಿಕೊಳ್ಳಲಿ. ಆದರೆ ನೀರು ಕಡಿಮೆ ಹಾಕಿದ್ದರಿಂದ ಒಂದು ತಳಿ ಇನ್ನೊಂದು ತಳಿಯಾಗುವುದಿಲ್ಲ. ಗೊಬ್ಬರ ತಪ್ಪಿದ್ದರಿಂದ ಎಂ-9 ಬೇರು ಕಾಡುಸೇಬಿನ ಬೇರಾಗುವುದಿಲ್ಲ. ಕಸಿಕಡ್ಡಿಯಲ್ಲೇ ಬಂದ ನಂಜನ್ನು ರೈತ ಉಂಟುಮಾಡಲಿಲ್ಲ. ತಳಿಯ ಹೆಸರು, ಬೇರಿನ ಹೆಸರು, ನಂಜಿನಿಂದ ಶುದ್ಧ ಎಂಬ ಮಾತು, ಈ ಮೂರೂ ಪಾರ್ಸಲ್ ಕಟ್ಟುವ ದಿನವೇ ನಿಜವೋ ಸುಳ್ಳೋ ಆಗಿರುತ್ತವೆ. ಈ ಮೂರರ ಹೊಣೆ ಪೂರ್ತಿ ಮಾರಿದವನದೇ ಆಗಬೇಕು. ಗಿಡದ ಬೆಲೆಗೆ ನಿಲ್ಲಬಾರದು, ಹೋದ ವರ್ಷಗಳಿಗೂ ಸಲ್ಲಬೇಕು.

‘ಅದನ್ನು ರುಜುವಾತು ಮಾಡುವುದು ಹೇಗೆ?’ ಎನ್ನುತ್ತಾರೆ. ಹಿಂದೆ ಕಷ್ಟವಿತ್ತು, ಈಗಿಲ್ಲ. ಮಿನೆಸೋಟಾ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ‘ಹನಿಕ್ರಿಸ್ಪ್’ ಎಂಬ ಹೆಸರಾಂತ ಸೇಬಿನ ತಂದೆತಾಯಿ ಯಾರೆಂದು ದಾಖಲೆಯಲ್ಲಿ ಬರೆದಿದ್ದು ತಪ್ಪು ಎಂದು ಆಮೇಲೆ ಡಿ.ಎನ್.ಎ. ಪರೀಕ್ಷೆಯಿಂದ ಗೊತ್ತಾಯಿತು. ವಿಶ್ವವಿದ್ಯಾಲಯದ ಕಡತವೇ ತಪ್ಪಬಹುದಾದರೆ ನರ್ಸರಿಯ ಚೀಟಿ ಯಾವ ಲೆಕ್ಕ? ಒಂದು ಎಲೆಯಿಂದ ತಳಿ ಗುರುತಿಸುವ ವಿದ್ಯೆ ಇರುವಾಗ ರೈತ ನಾಲ್ಕು ವರ್ಷ ಹೂವಿಗೆ ಕಾದು ಮೋಸ ತಿಳಿಯಬೇಕಾದ ಅಗತ್ಯವೇ ಇಲ್ಲ.

ಕಾನೂನು ಎಲ್ಲಿದೆ, ಎಲ್ಲಿಲ್ಲ

1966ರ ಬೀಜ ಕಾಯ್ದೆಯಲ್ಲಿ ‘ಬೀಜ’ ಎಂದರೆ ಆಹಾರ ಬೆಳೆಗಳ ಸಸಿ, ಕಡ್ಡಿ, ಎಲ್ಲ ಬಗೆಯ ಕಸಿಯೂ ಸೇರುತ್ತದೆ. ಆದರೆ ಮಾರಾಟದ ಮೇಲಿನ ಮುಖ್ಯ ಕಟ್ಟುಪಾಡು ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗಳಿಗೆ ಮಾತ್ರ. ಹಿಮಾಚಲದವರು ಪ್ರತ್ಯೇಕವಾಗಿ ಹಣ್ಣಿನ ನರ್ಸರಿಗಳ ನೋಂದಣಿ ಕಾನೂನು ಮಾಡಿಕೊಂಡರು, 2015ರಲ್ಲಿ ಅದನ್ನು ಹೊಸದಾಗಿ ಬರೆದರು. ನೋಂದಣಿ ನಂಬರು ಇಲ್ಲದ ನರ್ಸರಿಯ ಗಿಡ ಅಲ್ಲಿಯ ತಿಳಿದ ರೈತ ಮುಟ್ಟುವುದಿಲ್ಲ. ಆದರೆ ರಾಜ್ಯದ ಗಡಿ ದಾಟಿ ಬರುವ ಪಾರ್ಸಲನ್ನು ಯಾರು ನೋಡುತ್ತಾರೆ?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39(2)ನೇ ಕಲಂ ನೆನಪಿಡಿ. ನೋಂದಾಯಿತ ತಳಿಯನ್ನು ರೈತನಿಗೆ ಮಾರುವಾಗ, ಅದು ಯಾವ ಪರಿಸ್ಥಿತಿಯಲ್ಲಿ ಎಷ್ಟು ಫಲ ಕೊಡುತ್ತದೆ ಎಂದು ತಳಿಯ ಒಡೆಯ ತಿಳಿಸಬೇಕು. ಹಾಗೆ ಫಲ ಕೊಡದಿದ್ದರೆ ರೈತ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಈ ಕಲಂ ಓದಿದ ರೈತರು ಎಷ್ಟು ಜನ?

ಗ್ರಾಹಕ ನ್ಯಾಯಾಲಯದ ದಾರಿಯೂ ಇದೆ. ಕಳಪೆ ಬೀಜ ಕೊಂಡ ರೈತನೂ ಗ್ರಾಹಕನೇ, ಆತ ಅಲ್ಲಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನರ್ಸರಿ ಯಾವ ರಾಜ್ಯದಲ್ಲೇ ಇರಲಿ, ರೈತ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ ದಾವೆಯ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಫಲಕ್ಕೆ ನಾಲ್ಕು ವರ್ಷ ಬೇಡುವ ಗಿಡಕ್ಕೆ ಎರಡು ವರ್ಷದ ಗಡುವು! ಕಾರಣ ಹುಟ್ಟಿದ್ದು ಪಾರ್ಸಲ್ ಬಂದ ದಿನವೋ ಮೋಸ ತಿಳಿದ ದಿನವೋ ಎಂದು ವಕೀಲರು ವಾದ ಮಾಡುತ್ತಾರೆ, ಅಷ್ಟರಲ್ಲಿ ರೈತ ಸೋತು ಹೋಗಿರುತ್ತಾನೆ. ಬಿಲ್ಲೇ ಇಲ್ಲದೆ ಫೋನಿನಲ್ಲಿ ದುಡ್ಡು ಕಳಿಸಿದವನಂತೂ ಬಾಗಿಲಲ್ಲೇ ಎಡವುತ್ತಾನೆ.

ಮರ ಸರಿಯಿದ್ದರೂ ಬೆಲೆ ಬೇಕಲ್ಲ

ಗಿಡ ಒಳ್ಳೆಯದೇ ಬಂತು, ಹಣ್ಣೂ ಬಂತು ಎನ್ನಿ. ಆಮೇಲೆ? ಸ್ಟೋಕ್ಸರು ಸಸಿ ನೆಟ್ಟ ಅದೇ ಕೋಟಗಢದಲ್ಲಿ 1990ರ ಜುಲೈನಲ್ಲಿ, ಬೆಂಬಲ ಬೆಲೆ ಕೇಳಿದ ಸೇಬು ಬೆಳೆಗಾರರ ಮೇಲೆ ಗೋಲಿಬಾರ್ ನಡೆದು ಮೂವರು ಸತ್ತರು. 1980ರ ಜುಲೈ 21ರ ನರಗುಂದವನ್ನು ಮರೆಯದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಹಿಮಾಚಲ ಸರ್ಕಾರ ತಾನು ಕೊಳ್ಳುವ ‘ಸಿ’ ದರ್ಜೆಯ ಸೇಬಿಗೆ ಕೊಟ್ಟದ್ದು ಕಿಲೋಗೆ 12 ರೂಪಾಯಿ. ಅದೇ ವರ್ಷ ಕೇಂದ್ರ ಸರ್ಕಾರ ಕಿಲೋಗೆ 50 ರೂಪಾಯಿಗಿಂತ ಅಗ್ಗದ ಸೇಬು ಆಮದಾಗಬಾರದು ಎಂದು ಮೇ ತಿಂಗಳಲ್ಲಿ ಹೇಳಿತು, ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಬಿನ ಮೇಲೆ 2019ರಿಂದ ಇದ್ದ ಹೆಚ್ಚುವರಿ 20 ಶೇಕಡಾ ಸುಂಕ ತೆಗೆಯಿತು. ಒಂದು ಕೈಯಲ್ಲಿ ಬೇಲಿ, ಇನ್ನೊಂದು ಕೈಯಲ್ಲಿ ಬಾಗಿಲು.

ನಮಗೆ ನಮ್ಮದೇ ಉದಾಹರಣೆ ಇದೆ. 2003ರ ಸುಮಾರಿಗೆ ಮಲೆನಾಡಿನಲ್ಲಿ ವೆನಿಲಾ ಹುಚ್ಚು ಹಿಡಿದಿತ್ತು. ಬಳ್ಳಿಯ ತುಂಡು ತುಂಡಿಗೂ ಬೆಲೆ. ಕೆಲವೇ ವರ್ಷದಲ್ಲಿ ಬೆಲೆ ಕುಸಿಯಿತು. ಬಳ್ಳಿ ಮಾರಿದವರು ದುಡ್ಡು ಎಣಿಸಿಕೊಂಡರು, ಬಳ್ಳಿ ಕೊಂಡು ಕೈಯಾರೆ ಪರಾಗ ಮುಟ್ಟಿಸಿ ಕಾಯಿ ಬೆಳೆದವರು ಕೆಟ್ಟರು. ಹೊಸ ಬೆಳೆಯ ಹುಚ್ಚಿನಲ್ಲಿ ಮೊದಲು ಹಣ ಮಾಡುವವನು ಸಸಿ ಮಾರುವವನು. ಅವನ ಫಸಲು ನಮ್ಮ ಮುಂಗಡ.

ಏನು ಮಾಡಬೇಕು

ಸಸಿ ತರಿಸಲೇಬೇಕು ಎನ್ನುವವರಿಗೆ ನನ್ನ ಮಾತು ಇಷ್ಟು.

ನಿಮ್ಮೂರಿನ ಹವೆಯಂಥ ಕಡೆ ಅದೇ ತಳಿ ಐದು ವರ್ಷದಿಂದ ಫಲ ಕೊಡುತ್ತಿರುವ ಒಂದು ತೋಟವನ್ನು ತೋರಿಸಲು ಹೇಳಿ. ಹೋಗಿ ನೋಡಿ, ಆ ರೈತನನ್ನು ಕೇಳಿ: ಹಣ್ಣು ಮಾರಿ ಎಷ್ಟು ಬಂತು, ಸಸಿ ಮಾರಿ ಎಷ್ಟು ಬಂತು? ಎರಡನೆಯದೇ ಹೆಚ್ಚಾಗಿದ್ದರೆ ಚಹಾ ಕುಡಿದು ವಾಪಸ್ಸು ಬನ್ನಿ.

ನರ್ಸರಿಯ ನೋಂದಣಿ ನಂಬರು, ಮೇಲಿನ ತಳಿ, ಬೇರುಸಸಿ, ಕಸಿ ಮಾಡಿದ ವರ್ಷ, ನಂಜು ಪರೀಕ್ಷೆಯ ವಿವರ, ಈ ಐದನ್ನೂ ಬಿಲ್ಲಿನಲ್ಲೇ ಬರೆಸಿ. ಬಾಯಿಮಾತು ಗಾಳಿಮಾತು. ಉದ್ದನೆಯ ಮೂರು ವರ್ಷದ ಗಿಡಕ್ಕಿಂತ ಬೇರು ಚೆನ್ನಾಗಿರುವ ಒಂದು ವರ್ಷದ ಕಸಿ ಗಿಡ ಮೇಲು. ಮಣ್ಣಿಲ್ಲದ ಬೇರಿನ ಗಿಡವಾದರೆ ಅದು ನಿದ್ದೆಯಲ್ಲಿರುವ ಚಳಿಗಾಲದಲ್ಲೇ, ಬೇರು ತೇವವಾಗಿರುವಂತೆ ಕಟ್ಟಿ ಬರಬೇಕು. ಎಲೆ ಚಿಗುರಿದ ಮೇಲೆ ಬಂದ ಪಾರ್ಸಲು ದಾರಿಯಲ್ಲೇ ಅರ್ಧ ಸತ್ತಿರುತ್ತದೆ. ಪಾರ್ಸಲು ಬಿಚ್ಚುವಾಗ ಇಬ್ಬರು ಸಾಕ್ಷಿ ಇಟ್ಟುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬೇರಿನಲ್ಲಿ ಗಂಟು, ಕಾಂಡದಲ್ಲಿ ಬೂದುಬಣ್ಣದ ಹುರುಪೆಯಂಥ ಕೀಟ ಕಂಡರೆ ಹೊಲಕ್ಕೆ ಒಯ್ಯಬೇಡಿ. ಚೀಟಿ, ಬಿಲ್ಲುಗಳನ್ನು ಪಹಣಿಯ ಜೊತೆ ಇಡಿ.

ಮೊದಲ ವರ್ಷ ಹತ್ತು ಗಿಡ ಸಾಕು, ಅದೂ ಕೈಯಲ್ಲಿರುವ ದುಡ್ಡಿನಿಂದ. ಫಲ ಕಂಡ ಮೇಲೆ ಆ ಮರದಿಂದಲೇ ಕಡ್ಡಿ ತೆಗೆದು ಕಸಿ ಕಟ್ಟಬಹುದು. ನಮ್ಮ ಹಳ್ಳಿಗಳಲ್ಲಿ ಕಸಿ ಕಟ್ಟುವ ಕೈಗಳಿಗೆ ಬರವಿಲ್ಲ. ರೈತ ತನ್ನ ಹೊಲದ ಬೀಜ, ಗಿಡವನ್ನು ಉಳಿಸಿ, ಬಳಸಿ, ಹಂಚಿಕೊಳ್ಳುವ ಹಕ್ಕನ್ನು 2001ರ ಕಾಯ್ದೆಯೇ ಒಪ್ಪಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸಸಿ ವ್ಯಾಪಾರಿಗೆ ಹೇಳಿ ಮಾಡಿಸಿದ್ದು. ನಾವು ಅದನ್ನು ನಂಬಬೇಕಾಗಿಲ್ಲ.

ಒಬ್ಬೊಬ್ಬರೇ ಫೋನ್ ಮಾಡಿದರೆ ನರ್ಸರಿಯವನು ಕರಾರು ಹಾಕುತ್ತಾನೆ. ಊರಿನ ಇಪ್ಪತ್ತು ಜನ ಸೇರಿ ಸೊಸೈಟಿಯ ಮೂಲಕ ಬರೆದರೆ ನಾವು ಕರಾರು ಹಾಕಬಹುದು. ಅರ್ಧ ಹಣ ಈಗ, ಅರ್ಧ ಗಿಡ ಚಿಗುರಿದ ಮೇಲೆ, ತಳಿ ತಪ್ಪಿದರೆ ಹೋದ ವರ್ಷಗಳ ನಷ್ಟವೂ ಸೇರಿ ಪರಿಹಾರ ಎಂದು ಬರೆಸಿಕೊಳ್ಳಿ.

ಸರ್ಕಾರವನ್ನು ನಾವು ಕೇಳಬೇಕಾದದ್ದು ನಾಲ್ಕು. ಹೊರ ರಾಜ್ಯದಿಂದ ಬರುವ ಪ್ರತಿ ಹಣ್ಣಿನ ಸಸಿಗೂ ಮೂಲ ನರ್ಸರಿಯ ನೋಂದಣಿ ನಂಬರು ಕಡ್ಡಾಯ ಮಾಡಿ. ಎಲೆ ಕೊಟ್ಟರೆ ತಳಿ ಹೇಳುವ, ನಂಜು ಪರೀಕ್ಷಿಸುವ ಪ್ರಯೋಗಾಲಯವನ್ನು ರೈತರಿಗೆ ತೆರೆಯಿರಿ. ತಳಿ ಮೋಸದ ದಾವೆಗೆ ಗಡುವನ್ನು ಮೊದಲ ಫಸಲಿನಿಂದ ಎಣಿಸಿ. ನರ್ಸರಿಯ ತಪ್ಪು ಸಾಬೀತಾದಾಗ ಆ ಗಿಡಕ್ಕೆಂದು ಮಾಡಿದ ಸಾಲದ ವಸೂಲಿ ನಿಲ್ಲಿಸಿ, ಬಡ್ಡಿಯನ್ನು ಮಾರಿದವನಿಂದ ವಸೂಲು ಮಾಡಿ. ಸಾಲ ಕೊಡುವ ಬ್ಯಾಂಕು ನಮ್ಮ ಪಹಣಿ ನೋಡುತ್ತದೆ, ಚಿನ್ನ ನೋಡುತ್ತದೆ, ಜಾಮೀನು ನೋಡುತ್ತದೆ. ನಾವು ಕೊಳ್ಳುವ ಗಿಡದ ಚೀಟಿಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಲಿ.

ಈ ನಾಲ್ಕನ್ನೂ ಮುಂದಿನ ತಾಲ್ಲೂಕು ಸಭೆಯಲ್ಲಿ ಠರಾವು ಮಾಡಿ ಕಳಿಸಿ. ಅಲ್ಲಿಯವರೆಗೆ, ತಳಿಯ ಹೆಸರನ್ನು ಬಿಲ್ಲಿನಲ್ಲಿ ಬರೆಯಲು ಒಪ್ಪದವನಿಗೆ ಒಂದು ರೂಪಾಯಿಯನ್ನೂ ಮುಂಗಡ ಕಳಿಸಬೇಡಿ.